ವಾರ್ಡಿಗೆ ಒಬ್ಬರ ಬದಲು ಐವರು ಸದಸ್ಯರಿರಲಿ, ಮೀಸಲಾತಿ ವಾರ್ಡಿನೊಳಗೇ ನೆಲೆಸಲಿ

ಮಾನ್ಯ ಸಂಪಾದಕರೇ,

ಮೈಸೂರು ಮಹಾನಗರ ಪಾಲಿಕೆಯ ಚುನಾಯಿತ ಮಂಡಳಿಯ ಅವಧಿ 2023ರ ನವೆಂಬರಿನಲ್ಲಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಹೊಸ ಮಂಡಳಿಗೆ ಚುನಾವಣೆ ನಡೆದಿರಬೇಕೆಂದು ಸಂವಿಧಾನದ 243-ಯು ವಿಧಿ ಸ್ಪಷ್ಟವಾಗಿ ಹೇಳಿದ್ದರೂ ನಗರ ಆಡಳಿತಾಧಿಕಾರಿಯ ಕೈಗೆ ಹೋಯಿತು. ಚುನಾವಣೆ ಬೇಗ ನಡೆಯಲಿ ಎಂದು ಒತ್ತಾಯಿಸುವವರು ಬಹಳ ಮಂದಿ ಇದ್ದಾರೆ, ಆ ಒತ್ತಾಯಕ್ಕೆ ನನ್ನ ದನಿಯೂ ಸೇರಿದೆ. ಆದರೆ ಚುನಾವಣೆ ಯಾವಾಗ ಎಂಬ ಪ್ರಶ್ನೆಯ ಜೊತೆಗೆ ಹೇಗೆ ಎಂಬ ಪ್ರಶ್ನೆಯನ್ನೂ ಈಗಲೇ ಎತ್ತಬೇಕಾಗಿದೆ. ಹೂಟಗಳ್ಳಿ ನಗರಸಭೆಯನ್ನೂ ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳನ್ನೂ ಸೇರಿಸಿಕೊಂಡು ಬೃಹತ್ ಮೈಸೂರು ಪಾಲಿಕೆ ರಚಿಸುವ ಕೆಲಸ ನಡೆದಿರುವುದರಿಂದ ವಾರ್ಡುಗಳ ಗಡಿಯನ್ನು ಹೇಗಿದ್ದರೂ ಹೊಸದಾಗಿ ಎಳೆಯಲೇಬೇಕು. ಗಡಿ ಎಳೆದು, ಮೀಸಲಾತಿ ಪಟ್ಟಿ ಹೊರಬಿದ್ದ ಮೇಲೆ ಪದ್ಧತಿಯ ಮಾತೆತ್ತಿದರೆ ಕೇಳುವವರಿರುವುದಿಲ್ಲ.

ಈಗಿನ ಪದ್ಧತಿಯಲ್ಲಿ ಒಂದು ವಾರ್ಡಿಗೆ ಒಬ್ಬ ಸದಸ್ಯ. ಆ ಒಂದು ಸ್ಥಾನ ಈ ಬಾರಿ ಸಾಮಾನ್ಯ ಮಹಿಳೆಗೆ, ಮುಂದಿನ ಬಾರಿ ಹಿಂದುಳಿದ ವರ್ಗ ಎ ಪ್ರವರ್ಗಕ್ಕೆ, ಅದರ ಮುಂದಿನ ಬಾರಿ ಪರಿಶಿಷ್ಟ ಜಾತಿಗೆ ಎಂದು ರೊಟೇಷನ್ನಿನಲ್ಲಿ ಸುತ್ತುತ್ತದೆ. ಮೀಸಲಾತಿಯನ್ನು ನಾನು ಮನಸಾರೆ ಒಪ್ಪುವವಳು. ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಪಾಠ ಹೇಳಿದ ನನಗೆ, ಕರ್ನಾಟಕದ ನಗರ ಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಸಿಗದೆ ಹೋಗಿದ್ದರೆ ನನ್ನ ವಿದ್ಯಾರ್ಥಿನಿಯರಲ್ಲಿ ಒಬ್ಬಳೂ ಪಾಲಿಕೆಯ ಮೆಟ್ಟಿಲು ಹತ್ತುತ್ತಿರಲಿಲ್ಲ ಎಂಬುದು ಚೆನ್ನಾಗಿ ಗೊತ್ತು. ನನ್ನ ತಕರಾರು ಇರುವುದು ಆ ಮೀಸಲಾತಿಯನ್ನು ವಾರ್ಡಿನಿಂದ ವಾರ್ಡಿಗೆ ಎತ್ತಿ ಇಡುವ ಕ್ರಮದ ಬಗ್ಗೆ.

ನಮ್ಮ ಬೀದಿಯಲ್ಲೇ ಕಂಡದ್ದನ್ನು ಹೇಳುತ್ತೇನೆ. 2013ರ ಮಂಡಳಿಯಲ್ಲಿ ನಮ್ಮನ್ನು ಪ್ರತಿನಿಧಿಸಿದ್ದವರು ದೊಡ್ಡ ಭಾಷಣಕಾರರಲ್ಲ. ಒಂದು ಮಳೆಗಾಲದಲ್ಲಿ, ರಾತ್ರಿಯಿಡೀ ಮಳೆ ಸುರಿದು ಕೆಳಗಿನ ಅಡ್ಡರಸ್ತೆಯ ನಾಲ್ಕು ಮನೆಗಳಿಗೆ ಒಳಚರಂಡಿಯ ನೀರು ನುಗ್ಗಿದಾಗ, ಬೆಳಗಿನ ಐದೂವರೆಗೆ ಟಾರ್ಚ್ ಹಿಡಿದು, ಪಂಚೆ ಎತ್ತಿ ಕಟ್ಟಿ, ಅವರೇ ಬಂದು ನಿಂತಿದ್ದರು. ಕೆಲಸಗಾರರು ಹೊಸ ಚೇಂಬರಿನ ಮುಚ್ಚಳ ತೆಗೆಯಲು ಹೊರಟರೆ, 'ಅಲ್ಲಲ್ಲ, ಹಳೇ ಜೇಡಿಪೈಪು ಬೇವಿನ ಮರದ ಬುಡದಲ್ಲಿ ತಿರುಗುತ್ತೆ, ಬೇರು ಕಟ್ಟಿರೋದು ಅಲ್ಲೇ' ಎಂದು ತೋರಿಸಿದರು. ಅಲ್ಲಿ ಅಗೆದಾಗ ನಿಜಕ್ಕೂ ಮುಷ್ಟಿ ಗಾತ್ರದ ಬೇರಿನ ಗಂಟು ಸಿಕ್ಕಿತು, ಅರ್ಧ ಗಂಟೆಯಲ್ಲಿ ನೀರು ಇಳಿಯಿತು. ಯಾವ ನಕ್ಷೆಯಲ್ಲೂ ಇಲ್ಲದ ಆ ತಿಳಿವಳಿಕೆಯನ್ನು ಅವರು ಐದು ವರ್ಷ ಬೀದಿ ಸುತ್ತಿ ಗಳಿಸಿಕೊಂಡಿದ್ದರು. 2018ರಲ್ಲಿ ಮೀಸಲಾತಿ ಪಟ್ಟಿ ಬಂತು. ನಮ್ಮ ವಾರ್ಡು ಅವರು ಸ್ಪರ್ಧಿಸಲಾಗದ ವರ್ಗಕ್ಕೆ ಹೋಯಿತು. ಅವರ ಕೆಲಸ ನಮಗೆ ಒಪ್ಪಿಗೆಯಾಗಿತ್ತೇ ಇಲ್ಲವೇ ಎಂದು ಹೇಳುವ ಅವಕಾಶ ಅವರಿಗೂ ಸಿಗಲಿಲ್ಲ, ನಮಗೂ ಸಿಗಲಿಲ್ಲ. ಅವರ ನಂತರ ಬಂದ ಹೆಣ್ಣುಮಗಳು ಶ್ರದ್ಧೆಯಿಂದಲೇ ಕೆಲಸ ಕಲಿತರು. ಮೂರನೆಯ ವರ್ಷದ ಹೊತ್ತಿಗೆ ಎಲ್ಲವೂ ಅವರ ಹಿಡಿತಕ್ಕೆ ಬಂದಿತ್ತು. ಮುಂದಿನ ಪಟ್ಟಿಯಲ್ಲಿ ವಾರ್ಡು ಯಾರ ಪಾಲಾಗುತ್ತದೋ ಅವರಿಗೂ ಗೊತ್ತಿಲ್ಲ.

ಮರಳಿ ಜನರ ಮುಂದೆ ಬಂದು ಮತ ಕೇಳಬೇಕೆಂಬ ಅಳುಕೇ ಚುನಾಯಿತ ವ್ಯಕ್ತಿಯನ್ನು ಎಚ್ಚರದಲ್ಲಿಡುತ್ತದೆ. ಒಂದು ವಾರ್ಡಿನಿಂದ ಮತ್ತೆ ನಿಲ್ಲುವುದು ಅದೃಷ್ಟದ ಮಾತಾದಾಗ ಒಳ್ಳೆಯ ಸದಸ್ಯನಿಗೆ ಪ್ರತಿಫಲವಿಲ್ಲ, ಕೆಟ್ಟ ಸದಸ್ಯನಿಗೆ ಶಿಕ್ಷೆಯಿಲ್ಲ. ಉಳಿಯುವ ದಾರಿ ಎರಡೇ: ಪಕ್ಕದ ವಾರ್ಡಿಗೆ ವಲಸೆ ಹೋಗುವುದು, ಇಲ್ಲವೇ ಮನೆಯ ಹೆಣ್ಣುಮಕ್ಕಳನ್ನು ನಿಲ್ಲಿಸಿ ಹಿಂದಿನಿಂದ ಅಧಿಕಾರ ನಡೆಸುವುದು. ಎರಡನೆಯದು ನಡೆದಾಗ ನಾವು ಮಹಿಳಾ ಮೀಸಲಾತಿಯನ್ನೇ ದೂರುತ್ತೇವೆ. ಆದರೆ ಹೆಣ್ಣುಮಗಳೊಬ್ಬಳು ಸ್ವಂತ ಬಲದಿಂದ ನೆಲೆಯೂರಿ ಎರಡನೆಯ ಬಾರಿ ನಿಲ್ಲುವ ಹೊತ್ತಿಗೆ ಅದೇ ವಾರ್ಡು ಸಾಮಾನ್ಯ ವರ್ಗಕ್ಕೆ ಹೋಗಿ, ಪಕ್ಷಗಳು 'ಈಗ ಗಂಡಸರಿಗೆ ಕೊಡೋಣ' ಎನ್ನುವುದು ರೊಟೇಷನ್ನಿನ ಫಲ ಎಂಬುದನ್ನು ಗಮನಿಸುವುದಿಲ್ಲ. ಅವಳನ್ನು ಮೇಲೆತ್ತಿದ ಏಣಿಯನ್ನೇ ಐದು ವರ್ಷದಲ್ಲಿ ಎಳೆದುಕೊಳ್ಳುವ ವ್ಯವಸ್ಥೆ ಇದು.

ಇದರ ಜೊತೆಗೆ ಪ್ರತಿ ಬಾರಿಯೂ ವಾರ್ಡ್ ವಿಂಗಡಣೆ, ಮೀಸಲಾತಿ ಪಟ್ಟಿ, ಆಕ್ಷೇಪಣೆ, ನ್ಯಾಯಾಲಯ ಎಂಬ ಸರಪಣಿ ಬೇರೆ. ಬೆಂಗಳೂರನ್ನೇ ನೋಡಬಹುದು. ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ವಾರ್ಡುಗಳ ಸಂಖ್ಯೆ 198ರಿಂದ 243ಕ್ಕೆ ಏರಿ, 225ಕ್ಕೆ ಇಳಿದು, ಕೊನೆಗೆ ನಗರವನ್ನು ಐದು ಪಾಲಿಕೆಗಳಾಗಿ ಒಡೆದ ನಂತರ 369 ಆಯಿತು. ಐದು ವರ್ಷಕ್ಕೂ ಮೀರಿ ಅಲ್ಲಿನ ಜನಕ್ಕೆ ಕಾರ್ಪೊರೇಟರೇ ಇರಲಿಲ್ಲ. ಮೈಸೂರಿನಲ್ಲಿ 2018ರ ಆಗಸ್ಟ್ 31ರಂದು ಮತದಾನ ನಡೆದರೂ ಮೇಯರ್ ಹುದ್ದೆಯ ಮೀಸಲಾತಿ ವಿವಾದ ನ್ಯಾಯಾಲಯದ ಮೆಟ್ಟಿಲೇರಿದ್ದರಿಂದ ಮೇಯರ್ ಆಯ್ಕೆಯಾಗುವಾಗ ನವೆಂಬರ್ ಬಂದಿತ್ತು. ಗೆದ್ದ ಸದಸ್ಯರು ಎರಡು ತಿಂಗಳಿಗೂ ಹೆಚ್ಚು ಕಾಲ ಕಾಯುತ್ತ ಕುಳಿತರು. ಒಂದೊಂದು ವಾರ್ಡಿನ ಮೀಸಲಾತಿಯೂ ಒಬ್ಬ ಆಕಾಂಕ್ಷಿಯ ಭವಿಷ್ಯವನ್ನು ತೀರ್ಮಾನಿಸುವಾಗ ಅರ್ಜಿ ಹಾಕದೆ ಯಾರು ಬಿಟ್ಟಾರು?

ನನ್ನ ಸಲಹೆ ಇಷ್ಟು. ಚಿಕ್ಕ ವಾರ್ಡುಗಳನ್ನು ಒಟ್ಟುಗೂಡಿಸಿ, ಐವರು ಸದಸ್ಯರನ್ನು ಆರಿಸುವ ದೊಡ್ಡ ವಾರ್ಡುಗಳನ್ನು ಮಾಡಬೇಕು. ಮೀಸಲಾತಿಯನ್ನು ಆ ಐದು ಸ್ಥಾನಗಳ ಒಳಗೇ ಸ್ಥಿರಗೊಳಿಸಬೇಕು. ಮತದಾರರು ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಬರೆದು ಒಂದೇ ಮತ ಚಲಾಯಿಸಬೇಕು.

ಹಿಂದಿನ ಮಂಡಳಿಯ 65 ಸ್ಥಾನಗಳನ್ನೇ ಉದಾಹರಣೆಗೆ ತೆಗೆದುಕೊಂಡರೆ ಐವರ ಹದಿಮೂರು ವಾರ್ಡುಗಳಾಗುತ್ತವೆ. ಸರಸ್ವತಿಪುರಂ, ಕುವೆಂಪುನಗರ, ಅಗ್ರಹಾರ, ಮಂಡಿ ಮೊಹಲ್ಲಾ, ಉದಯಗಿರಿ, ನಜರ್‌ಬಾದ್ ಎಂದು ಜನ ತಮ್ಮ ಬಾಯಲ್ಲಿ ಹೇಳುವ ಊರಿನ ಭಾಗಗಳಿಗೆ ಇಂಥ ವಾರ್ಡುಗಳು ಹೆಚ್ಚು ಹತ್ತಿರವಾಗುತ್ತವೆ. ಈಗ ಒಂದು ಬೀದಿಯ ಎಡಸಾಲು ಒಂದು ವಾರ್ಡಿಗೆ, ಬಲಸಾಲು ಇನ್ನೊಂದಕ್ಕೆ ಸೇರಿರುವುದುಂಟು. ಒಂದು ಭಾಗದ ಜನಸಂಖ್ಯೆ ಬೆಳೆದರೆ ಗಡಿಯನ್ನು ಮುಟ್ಟದೆ ಆ ವಾರ್ಡಿಗೆ ಇನ್ನೊಂದು ಸ್ಥಾನ ಸೇರಿಸಿದರಾಯಿತು. ಐವರಲ್ಲಿ ಕೆಲವು ವಾರ್ಡುಗಳಲ್ಲಿ ಮೂವರು, ಉಳಿದವುಗಳಲ್ಲಿ ಇಬ್ಬರು ಕನಿಷ್ಠ ಮಹಿಳೆಯರಿರಬೇಕೆಂದರೆ ಒಟ್ಟು ಲೆಕ್ಕ ಅರ್ಧಕ್ಕೆ ಬಂದು ನಿಲ್ಲುತ್ತದೆ. ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗಗಳ ಸ್ಥಾನಗಳನ್ನು ಆಯಾ ವಾರ್ಡಿನ ಜನಸಂಖ್ಯೆಗೆ ತಕ್ಕಂತೆ ಹೀಗೆಯೇ ನಿಗದಿ ಮಾಡಬಹುದು. ಆಗ ಯಾವ ವಾರ್ಡೂ ಯಾವ ವರ್ಗಕ್ಕೂ ಮುಚ್ಚಿದ ಬಾಗಿಲಾಗುವುದಿಲ್ಲ. ನಮ್ಮ ಹಳೆಯ ಸದಸ್ಯರೂ ನಿಲ್ಲಬಹುದು, ಅವರ ನಂತರ ಬಂದ ಹೆಣ್ಣುಮಗಳೂ ಅದೇ ಮನೆಗಳ ಬಾಗಿಲಿಗೆ ಮತ್ತೆ ಬರಬಹುದು, ಇಬ್ಬರೂ ಗೆಲ್ಲಬಹುದು.

ಇದಕ್ಕೆ ಸಂವಿಧಾನ ಅಡ್ಡಿ ಬರುತ್ತದೆಯೇ ಎಂದು ಕೆಲವರು ಕೇಳಿಯಾರು. 243-ಆರ್ ವಿಧಿಯು ಸದಸ್ಯರನ್ನು ವಾರ್ಡುಗಳಿಂದ ನೇರ ಚುನಾವಣೆಯ ಮೂಲಕ ಆರಿಸಬೇಕು ಎನ್ನುತ್ತದೆ, ಒಂದು ವಾರ್ಡಿಗೆ ಒಬ್ಬರೇ ಎನ್ನುವುದಿಲ್ಲ. ಮೀಸಲಾತಿಯ ಬಗ್ಗೆ ಹೇಳುವ 243-ಟಿ ವಿಧಿಯೂ ಸ್ಥಾನಗಳನ್ನು ಸರದಿಯಂತೆ ಬೇರೆ ಬೇರೆ ಕ್ಷೇತ್ರಗಳಿಗೆ ಹಂಚಬಹುದು ಎಂದಿದೆಯೇ ಹೊರತು ಹಂಚಲೇಬೇಕು ಎಂದಿಲ್ಲ. ಉಳಿದ ವಿವರಗಳನ್ನು ಕಾನೂನಿನ ಮೂಲಕ ರೂಪಿಸುವ ಅಧಿಕಾರ ರಾಜ್ಯದ ಶಾಸಕಾಂಗಕ್ಕಿದೆ. ಆದ್ದರಿಂದ ಆಗಬೇಕಾದದ್ದು 1976ರ ಕರ್ನಾಟಕ ಪೌರ ನಿಗಮಗಳ ಅಧಿನಿಯಮದ ತಿದ್ದುಪಡಿ, ಸಂವಿಧಾನದ ತಿದ್ದುಪಡಿಯಲ್ಲ.

ಒಂದು ಕ್ಷೇತ್ರದಿಂದ ಒಬ್ಬರಿಗಿಂತ ಹೆಚ್ಚು ಮಂದಿಯನ್ನು ಕಳಿಸುವುದು ಮೈಸೂರಿಗೆ ಹೊಸದೂ ಅಲ್ಲ. 1952ರ ಮೊದಲ ಲೋಕಸಭಾ ಚುನಾವಣೆಯಲ್ಲಿ ಮೈಸೂರು ಇಬ್ಬರು ಸದಸ್ಯರ ಕ್ಷೇತ್ರವಾಗಿತ್ತು. ಪರಿಶಿಷ್ಟ ಜಾತಿಗೆ ಮೀಸಲಾದ ಸ್ಥಾನದಲ್ಲಿ ಕಾಂಗ್ರೆಸ್ಸಿನ ಎನ್. ರಾಚಯ್ಯನವರು ಗೆದ್ದರೆ, ಇನ್ನೊಂದರಲ್ಲಿ ಕಿಸಾನ್ ಮಜ್ದೂರ್ ಪ್ರಜಾ ಪಕ್ಷದ ಎಂ.ಎಸ್. ಗುರುಪಾದಸ್ವಾಮಿಯವರು ಗೆದ್ದರು. ಒಂದೇ ಊರಿನ ಜನ ಆಳುವ ಪಕ್ಷದವರನ್ನೂ ವಿರೋಧ ಪಕ್ಷದವರನ್ನೂ ಒಟ್ಟಿಗೆ ದೆಹಲಿಗೆ ಕಳಿಸಿದ್ದರು. ಇಂಥ ದ್ವಿಸದಸ್ಯ ಕ್ಷೇತ್ರಗಳನ್ನು 1961ರಲ್ಲಿ ಕಾನೂನಿನ ಮೂಲಕ ರದ್ದುಪಡಿಸಲಾಯಿತು. ಅದಕ್ಕೆ ಮೊದಲು, 1957ರಲ್ಲಿ, ಆಂಧ್ರದ ಪಾರ್ವತೀಪುರಂ ಕ್ಷೇತ್ರದಲ್ಲಿ ಎರಡೂ ಸ್ಥಾನಗಳನ್ನು ಪರಿಶಿಷ್ಟ ಪಂಗಡದ ಅಭ್ಯರ್ಥಿಗಳೇ ಗೆದ್ದು, ಮುಂದೆ ನಮ್ಮ ರಾಜ್ಯದ ರಾಜ್ಯಪಾಲರೂ ದೇಶದ ರಾಷ್ಟ್ರಪತಿಯೂ ಆದ ವಿ.ವಿ. ಗಿರಿಯವರು ಸೋತಿದ್ದರು. ಅವರು ಸುಪ್ರೀಂ ಕೋರ್ಟಿನವರೆಗೂ ಹೋದರು. ಹೆಚ್ಚು ಮತ ಪಡೆದ ಪರಿಶಿಷ್ಟ ಪಂಗಡದ ಅಭ್ಯರ್ಥಿ ಸಾಮಾನ್ಯ ಸ್ಥಾನವನ್ನೂ ಗೆಲ್ಲಬಹುದು ಎಂದು ನ್ಯಾಯಾಲಯ ಎತ್ತಿಹಿಡಿಯಿತು. ಮೀಸಲಾತಿ ಎಂದರೆ ಇಷ್ಟಕ್ಕಿಂತ ಕಡಿಮೆಯಾಗಬಾರದು ಎಂಬ ತಳಮಿತಿ, ಇಷ್ಟಕ್ಕೇ ನಿಲ್ಲಬೇಕು ಎಂಬ ಮೇಲ್ಮಿತಿಯಲ್ಲ ಎಂಬ ಈ ತತ್ತ್ವವೇ ನಾನು ಹೇಳುತ್ತಿರುವ ವಾರ್ಡಿನಲ್ಲೂ ನಡೆಯಬೇಕು.

ಬಹುಸದಸ್ಯ ವಾರ್ಡು ಎಂದ ಕೂಡಲೇ ಮಹಾರಾಷ್ಟ್ರದ ಕಡೆಗೆ ಬೊಟ್ಟು ಮಾಡುವವರಿದ್ದಾರೆ, ಅವರ ಆತಂಕ ಸುಳ್ಳೂ ಅಲ್ಲ. ಮುಂಬೈ ಬಿಟ್ಟು ಪುಣೆಯಂಥ ಉಳಿದ ಮಹಾನಗರಗಳಲ್ಲಿ ನಾಲ್ವರು ಸದಸ್ಯರ ಪ್ರಭಾಗ, ಅಂದರೆ ವಾರ್ಡು, ಪದ್ಧತಿ ಬಂದಿದೆ. ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿರುವ ಸೊಲ್ಲಾಪುರದಲ್ಲೂ ಇದೇ ಪದ್ಧತಿಯಲ್ಲಿ ಮತ ಹಾಕಿದ್ದಾರೆ. ಅಲ್ಲಿ ಪ್ರಭಾಗದ ನಾಲ್ಕು ಸ್ಥಾನಗಳನ್ನು ಅ, ಬ, ಕ, ಡ ಎಂದು ವಿಂಗಡಿಸಿ, ಒಂದೊಂದಕ್ಕೂ ಪ್ರತ್ಯೇಕ ಮೀಸಲಾತಿ ಹಚ್ಚಿ, ಮತದಾರನಿಂದ ನಾಲ್ಕು ಮತ ಪಡೆಯುತ್ತಾರೆ. ಹೆಸರಿಗೆ ಒಂದು ಪ್ರಭಾಗವಾದರೂ ಅದು ನಾಲ್ಕು ಬೇರೆ ಬೇರೆ ಚುನಾವಣೆಗಳು. ಜನ ಚಿಹ್ನೆ ನೋಡಿ ನಾಲ್ಕೂ ಮತವನ್ನು ಒಂದೇ ಪಕ್ಷಕ್ಕೆ ಒತ್ತಿದರೆ ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಬೆಂಬಲವಿರುವ ಪಕ್ಷವೇ ನಾಲ್ಕನ್ನೂ ಬಾಚಿಕೊಳ್ಳಬಹುದು. ಚಿಕ್ಕ ಬಡಾವಣೆಯಲ್ಲಿ ಹೆಸರು ಮಾಡಿದ ಪಕ್ಷೇತರರು ನಾಲ್ಕು ಪಟ್ಟು ದೊಡ್ಡ ಪ್ರಭಾಗದಲ್ಲಿ ಮುಳುಗಿಹೋಗುತ್ತಾರೆ. ಈ ಮಾದರಿಯನ್ನು ಕರ್ನಾಟಕಕ್ಕೆ ತರುವುದಾದರೆ ನಾನು ಅದನ್ನು ವಿರೋಧಿಸುತ್ತೇನೆ. ಇಡೀ ವಾರ್ಡಿಗೆ ಒಂದೇ ಚುನಾವಣೆ, ಒಬ್ಬ ಮತದಾರನಿಗೆ ಒಂದೇ ಮತ, ಆ ಮತ ವ್ಯರ್ಥವಾಗದಂತೆ ಪ್ರಾಶಸ್ತ್ಯ ಎಂಬ ಮೂರೂ ಕೂಡಿದ್ದರೆ ಮಾತ್ರ ಈ ಸುಧಾರಣೆಗೆ ಅರ್ಥವಿದೆ.

ಪ್ರಾಶಸ್ತ್ಯದ ಮತ ನಮ್ಮ ಭಾಗದ ಸಾವಿರಾರು ಜನರಿಗೆ ಪರಿಚಿತ. 2022ರ ಜೂನ್‌ನಲ್ಲಿ ವಿಧಾನ ಪರಿಷತ್ತಿನ ದಕ್ಷಿಣ ಪದವೀಧರ ಕ್ಷೇತ್ರಕ್ಕೆ ನಾನೂ ಮತ ಹಾಕಿದೆ. ಮತಗಟ್ಟೆಯವರು ಕೊಟ್ಟ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಲ್ಲೇ ಅಂಕಿ ಬರೆಯಬೇಕು, ನಮ್ಮ ಜೇಬಿನ ಪೆನ್ನು ಬಳಸುವಂತಿಲ್ಲ. ನನ್ನ ಮುಂದಿದ್ದ ಹಿರಿಯರೊಬ್ಬರು ಪೆನ್ನು ಹಿಡಿದು ಒಂದು ಕ್ಷಣ ನಿಂತು, 'ಒಂದೇ ಬರೆದರೆ ಸಾಕಾ, ಎರಡೂ ಬರೀಬೇಕಾ?' ಎಂದು ಕೇಳಿದರು. 'ಒಂದು ಕಡ್ಡಾಯ ಸಾರ್, ಮಿಕ್ಕಿದ್ದು ನಿಮ್ಮಿಷ್ಟ' ಎಂದು ಅಧಿಕಾರಿ ಉತ್ತರಿಸಿದರು. ಕಲಿಯಬೇಕಾದದ್ದು ಅಷ್ಟೇ. ಎಣಿಕೆ ಮಾತ್ರ ರಾತ್ರಿ ಕಳೆದು ಮರುದಿನಕ್ಕೂ ಮುಂದುವರಿಯಿತು, ಎರಡನೆಯ ಪ್ರಾಶಸ್ತ್ಯದ ಮತಗಳೂ ಲೆಕ್ಕಕ್ಕೆ ಬಂದವು. ಐದು ವರ್ಷಕ್ಕೊಮ್ಮೆ ಒಂದು ರಾತ್ರಿ ನಿದ್ದೆಗೆಡುವುದು, ವರ್ಷಗಟ್ಟಲೆ ಸದಸ್ಯರೇ ಇಲ್ಲದೆ ಕಳೆಯುವುದಕ್ಕಿಂತ ದೊಡ್ಡ ಕಷ್ಟವೇನಲ್ಲ. ಪದವೀಧರರಿಗೆ ಸರಿ, ಓದು ಬರಹ ಬಾರದವರ ಗತಿಯೇನು ಎಂಬುದು ನಿಜವಾದ ಪ್ರಶ್ನೆ. ದಿನಸಿ ಅಂಗಡಿಯ ಲೆಕ್ಕ, ಬಸ್ಸಿನ ನಂಬರು, ಮೊಬೈಲಿನ ಗುಂಡಿ ಎಲ್ಲದರಲ್ಲೂ ಅಂಕಿಗಳನ್ನು ನಿತ್ಯ ಬಳಸುವವರು 1, 2, 3 ಗುರುತಿಸಬಲ್ಲರು. ಬರೆಯಲು ಕೈ ಬಾರದವರು ಒಬ್ಬರೇ ಅಭ್ಯರ್ಥಿಗೆ ಗುರುತು ಹಾಕಿದರೂ ಅದನ್ನು ಮೊದಲ ಪ್ರಾಶಸ್ತ್ಯವೆಂದೇ ಎಣಿಸಬೇಕೆಂದು ನಿಯಮದಲ್ಲಿ ಬರೆಯಬೇಕು. ಮತಯಂತ್ರದಲ್ಲಿ ಪ್ರಾಶಸ್ತ್ಯ ದಾಖಲಿಸಲಾಗದು ಎಂಬ ಅಡ್ಡಿಯೂ ಈಗ ಮೊದಲಿನಷ್ಟಿಲ್ಲ, ಏಕೆಂದರೆ ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಮತಪತ್ರ ಬಳಸಬೇಕೆಂದು ರಾಜ್ಯ ಸಚಿವ ಸಂಪುಟವೇ 2025ರ ಸೆಪ್ಟೆಂಬರಿನಲ್ಲಿ ಶಿಫಾರಸು ಮಾಡಿದೆ.

ಎಣಿಕೆಯ ಲೆಕ್ಕವನ್ನು ಒಂದು ಉದಾಹರಣೆಯಿಂದ ಹೇಳಬಹುದು. ಐವರ ವಾರ್ಡಿನಲ್ಲಿ 36 ಸಾವಿರ ಸಿಂಧು ಮತಗಳು ಬಿದ್ದಿವೆ ಎಂದಿಟ್ಟುಕೊಳ್ಳೋಣ. 6,001 ಮತ ಪಡೆದವರು ಗೆದ್ದಂತೆಯೇ, ಏಕೆಂದರೆ ಅಷ್ಟು ಮತವನ್ನು ಐವರಿಗಿಂತ ಹೆಚ್ಚು ಮಂದಿ ಪಡೆಯಲಾರರು. ಗೆದ್ದವರ ಬಳಿ ಉಳಿದ ಹೆಚ್ಚುವರಿ ಮತ ಅವರ ಮತದಾರರ ಮುಂದಿನ ಪ್ರಾಶಸ್ತ್ಯಕ್ಕೆ ಹೋಗುತ್ತದೆ. ತೀರ ಕಡಿಮೆ ಮತ ಪಡೆದವರನ್ನು ಒಬ್ಬೊಬ್ಬರಾಗಿ ಕೈಬಿಟ್ಟಾಗ ಅವರ ಮತಗಳೂ ಹೀಗೆಯೇ ಮುಂದಕ್ಕೆ ಸಾಗುತ್ತವೆ. ಮೀಸಲಾತಿಗಾಗಿ ಬೇಕಾದದ್ದು ಒಂದು ಷರತ್ತು: ಕನಿಷ್ಠ ಸಂಖ್ಯೆ ತುಂಬಲು ಬೇಕಾದಷ್ಟು ಮಹಿಳೆಯರು ಅಥವಾ ಮೀಸಲು ವರ್ಗದವರು ಮಾತ್ರ ಕಣದಲ್ಲಿ ಉಳಿದಾಗ ಅವರನ್ನು ಕೈಬಿಡುವಂತಿಲ್ಲ, ಅವರ ಬದಲು ನಂತರದ ಕಡಿಮೆ ಮತದವರನ್ನು ಬಿಡಬೇಕು. ಆರನೆಯ ಒಂದು ಭಾಗದಷ್ಟು ಜನರ ವಿಶ್ವಾಸ ಗಳಿಸಿದ ಪಕ್ಷೇತರರಾಗಲಿ, ಸಣ್ಣ ಪಕ್ಷವಾಗಲಿ, ಚದುರಿಹೋಗಿರುವ ಒಂದು ಸಮುದಾಯವಾಗಲಿ ಆಗ ಒಂದು ಸ್ಥಾನ ಪಡೆಯುವುದನ್ನು ಯಾರೂ ತಡೆಯಲಾರರು. ಈಗಿನ ಒಬ್ಬರ ವಾರ್ಡಿನಲ್ಲಿ ಐದಾರು ಮಂದಿ ಸ್ಪರ್ಧಿಸಿದಾಗ ಗೆಲ್ಲುವವರಿಗೆ ಮತ ಹಾಕದವರೇ ಬಹುಸಂಖ್ಯಾತರಾಗಿರುವುದು ಸಾಮಾನ್ಯ, ಆ ಮತಗಳೆಲ್ಲ ಅಂದೇ ಸತ್ತಂತೆ. ಗ್ಲಾಸ್ಗೋ ನಗರದಲ್ಲಿ 2003ರಲ್ಲಿ ಲೇಬರ್ ಪಕ್ಷ ಅರ್ಧಕ್ಕಿಂತ ಕಡಿಮೆ ಮತ ಪಡೆದು 79ರಲ್ಲಿ 71 ಸ್ಥಾನ ಗೆದ್ದಿತ್ತು. ಸ್ಕಾಟ್ಲೆಂಡ್ 2007ರಿಂದ ಮೂವರು ಅಥವಾ ನಾಲ್ವರ ವಾರ್ಡು ಮತ್ತು ಪ್ರಾಶಸ್ತ್ಯದ ಮತಕ್ಕೆ ಬದಲಾದಾಗ ಅದೇ ಪಕ್ಷಕ್ಕೆ 45 ಸ್ಥಾನ ಬಂತು.

ಬಹುಮತ ಯಾರಿಗೂ ಬರದೆ ಪಾಲಿಕೆ ಅತಂತ್ರವಾಗುತ್ತದೆ ಎಂಬ ಆಕ್ಷೇಪವನ್ನು ಮೈಸೂರಿನವರು ಎತ್ತಬೇಕಾಗಿಲ್ಲ. 2018ರಲ್ಲಿ ಈಗಿನ ಪದ್ಧತಿಯಲ್ಲೇ ಬಿಜೆಪಿಗೆ 22, ಕಾಂಗ್ರೆಸ್ಸಿಗೆ 19, ಜೆಡಿಎಸ್‌ಗೆ 18 ಸ್ಥಾನ ಬಂದು ಯಾರಿಗೂ ಬಹುಮತವಿರಲಿಲ್ಲ. ವರ್ಷಕ್ಕೊಬ್ಬ ಮೇಯರ್ ಎಂಬ ನಿಯಮವೂ ಸೇರಿ, ಒಂದೇ ಅವಧಿಯಲ್ಲಿ ಮೂರೂ ಪಕ್ಷಗಳವರು ಆ ಕುರ್ಚಿಯಲ್ಲಿ ಕುಳಿತರು.

ನನಗೆ ನಿಜವಾಗಿ ಚಿಂತೆ ಹುಟ್ಟಿಸುವ ಆಕ್ಷೇಪ ಬೇರೆಯದು. ಐವರಿದ್ದಾಗ 'ಅದು ನನ್ನ ಕೆಲಸವಲ್ಲ, ಅವರನ್ನು ಕೇಳಿ' ಎಂದು ಜಾರಿಕೊಳ್ಳುವುದು ಸುಲಭ. ವಾರ್ಡು ಅರವತ್ತು ಎಪ್ಪತ್ತು ಸಾವಿರ ಜನರಷ್ಟು ದೊಡ್ಡದಾದಾಗ ಬೆಳಗಿನ ಐದೂವರೆಗೆ ಟಾರ್ಚ್ ಹಿಡಿದು ಬರುವವರು ಯಾರು? ಇದಕ್ಕೆ ಚುನಾವಣಾ ಪದ್ಧತಿಯೊಂದೇ ಉತ್ತರವಾಗಲಾರದು. ಐವರೂ ತಮ್ಮೊಳಗೆ ಪ್ರದೇಶ ಹಂಚಿಕೊಂಡು ಅದನ್ನು ಪಾಲಿಕೆಯ ಸೂಚನಾ ಫಲಕದಲ್ಲಿ ಪ್ರಕಟಿಸಬೇಕು. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ಸಂವಿಧಾನವೇ ವಿಧಿಸಿರುವ ವಾರ್ಡ್ ಸಮಿತಿಯ ಸಭೆ ತಿಂಗಳಿಗೊಮ್ಮೆ ನಡೆದು, ಐವರ ಹಾಜರಾತಿಯೂ ದಾಖಲಾಗಬೇಕು. ಅದರ ಮೇಲೆ, ಒಬ್ಬರು ಕೈಕೊಟ್ಟರೆ ಇನ್ನೊಬ್ಬರ ಮನೆಗೆ ಹೋಗುವ ಅವಕಾಶ ನಾಗರಿಕರಿಗಿರುತ್ತದೆ. ಮುಂದಿನ ಬಾರಿ ಅದೇ ಜನರ ಮುಂದೆ ಐವರೂ ಮತ್ತೆ ನಿಲ್ಲಬಹುದಾದ್ದರಿಂದ ಯಾರು ಬಂದರು, ಯಾರು ಬರಲಿಲ್ಲ ಎಂಬುದನ್ನು ಜನ ನೆನಪಿನಲ್ಲಿಟ್ಟುಕೊಳ್ಳುವುದಕ್ಕೂ ಬೆಲೆ ಬರುತ್ತದೆ. ಈಗ ಒಬ್ಬ ಸದಸ್ಯ ಬಾಗಿಲು ಹಾಕಿಕೊಂಡರೆ ನಮಗೆ ಬೇರೆ ಬಾಗಿಲಿಲ್ಲ.

1881ರಲ್ಲೇ ಪ್ರಜಾಪ್ರತಿನಿಧಿ ಸಭೆಯನ್ನು ಕಂಡ ಊರು ನಮ್ಮದು. ಹೊಸ ಕ್ರಮವೊಂದನ್ನು ಮೊದಲು ಪ್ರಯೋಗಿಸುವ ಯೋಗ್ಯತೆ ಮೈಸೂರಿಗಿದೆ ಎಂದು ನಾನು ನಂಬಿದ್ದೇನೆ. ಬೃಹತ್ ಮೈಸೂರಿನ ವಾರ್ಡ್ ವಿಂಗಡಣೆಯ ಕರಡು ಹೊರಬೀಳುವ ಮುನ್ನವೇ ನಗರಾಭಿವೃದ್ಧಿ ಇಲಾಖೆಯು ಐವರ ವಾರ್ಡುಗಳ ಇನ್ನೊಂದು ನಕ್ಷೆಯನ್ನೂ ಸಿದ್ಧಪಡಿಸಿ, ಎರಡನ್ನೂ ಜನರ ಮುಂದಿಟ್ಟು ಆಕ್ಷೇಪಣೆ ಆಹ್ವಾನಿಸಬೇಕು. ರಾಜ್ಯ ಚುನಾವಣಾ ಆಯೋಗವು ಪ್ರಾಶಸ್ತ್ಯ ಮತದ ಎಣಿಕೆಗೆ ಎಷ್ಟು ಸಿಬ್ಬಂದಿ, ಎಷ್ಟು ಸಮಯ ಬೇಕಾಗುತ್ತದೆ ಎಂದು ಲೆಕ್ಕ ಹಾಕಿ ಹೇಳಬೇಕು. ಇದರ ಹೆಸರಿನಲ್ಲಿ ಚುನಾವಣೆಯನ್ನು ಒಂದು ದಿನವೂ ಮುಂದೂಡಬಾರದು. ಈ ಬಾರಿ ಸಾಧ್ಯವಾಗದಿದ್ದರೆ ಹಳೆಯ ಪದ್ಧತಿಯಲ್ಲೇ ಚುನಾವಣೆ ಮುಗಿಸಿ, ಹೊಸ ಮಂಡಳಿಯ ಅವಧಿಯಲ್ಲೇ ಕಾನೂನಿನ ತಿದ್ದುಪಡಿ ಆಗಲಿ. ನಮ್ಮ ಪ್ರದೇಶದ ಶಾಸಕರು ಈ ವಿಷಯದಲ್ಲಿ ತಮ್ಮ ಅಭಿಪ್ರಾಯವನ್ನು ಇದೇ ಪತ್ರಿಕೆಯ ಮೂಲಕ ತಿಳಿಸಬೇಕೆಂದು ಕೋರುತ್ತೇನೆ.

ಇತಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕಿ, ಮೈಸೂರು